ಹೇಗೆ ಸಾಯುತ್ತದೆ ಎಂದು ಕೇಳಿ

ಮುಂಬಯಿಯಿಂದ ಆಗ್ರಾ ಹೆದ್ದಾರಿ ಹಿಡಿದು, ಕಸಾರಾ ಘಾಟಿ ಹತ್ತಿ, ಇಗತ್‌ಪುರಿ ದಾಟಿದರೆ ಸಿಗುವ ಪೇಟೆ ಘೋಟಿ. ಸುತ್ತ ಭತ್ತದ ಗದ್ದೆ, ಊರೊಳಗೆ ಅಕ್ಕಿ ಗಿರಣಿಗಳು, ಹಿಂದೆ ಸಹ್ಯಾದ್ರಿಯ ಸಾಲು. ತಾಲ್ಲೂಕಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಮಲೆನಾಡಿನಿಂದ ಹೋದವರಿಗೆ ಇಲ್ಲಿನ ಆಷಾಢ ಅಪರಿಚಿತವೆನಿಸುವುದಿಲ್ಲ: ಅದೇ ಒದ್ದೆ ಗೋಡೆ, ಅದೇ ಬೂಷ್ಟು, ಬೀರುವಿನಲ್ಲಿ ಅದೇ ಮುಗ್ಗು ವಾಸನೆ. ದಾಖಲೆ ಕಾಪಾಡುವವರ ಪಾಲಿಗೆ ಇದಕ್ಕಿಂತ ಕಷ್ಟದ ಹವೆ ಇಲ್ಲ.

ಈ ಪೇಟೆಯಿಂದ ಒಂದು ರಸ್ತೆ ನಾಸಿಕ್‌ಗೆ, ಒಂದು ಸಿನ್ನರಿಗೆ, ಇನ್ನೊಂದು ಗೋದಾವರಿ ಹುಟ್ಟುವ ತ್ರ್ಯಂಬಕೇಶ್ವರಕ್ಕೆ ಹೋಗುತ್ತದೆ. ಮೂರೂ ದಿಕ್ಕಿನಲ್ಲಿ ಜನ ಏನನ್ನೋ ಕಾಲಾಂತರಕ್ಕೆ ಉಳಿಸಲು ಹೊರಟ ಗುರುತುಗಳಿವೆ. ಒಂದೆಡೆ ಬಂಡೆಯ ಮೇಲೆ, ಒಂದೆಡೆ ಬೆಳ್ಳಿಯ ಮೇಲೆ, ಮತ್ತೊಂದೆಡೆ ಫಿಲ್ಮಿನ ಮೇಲೆ. ಅಜ್ಜಿಯ ದನಿಯ ರೆಕಾರ್ಡಿಂಗು, ಮದುವೆಯ ವಿಡಿಯೊ, ಸಂಘದ ನಲವತ್ತು ವರ್ಷದ ನಡಾವಳಿ, ಸಂಶೋಧಕರ ಕ್ಷೇತ್ರಕಾರ್ಯದ ಟಿಪ್ಪಣಿ ಇವನ್ನೆಲ್ಲ ಮೊಮ್ಮಕ್ಕಳ ಕಾಲಕ್ಕೆ ಉಳಿಸಬೇಕು, ಯಾವುದರಲ್ಲಿ ಇಡೋಣ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಈ ಅಧ್ಯಾಯದಲ್ಲಿ ಅದಕ್ಕೆ ಉತ್ತರವನ್ನು ಈ ರಸ್ತೆಗಳ ಮೇಲೆಯೇ ಹುಡುಕೋಣ.

ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಎಷ್ಟು ವರ್ಷ ಬಾಳಿಕೆ ಬರುತ್ತದೆ? ಡಬ್ಬಿಯ ಮೇಲೆ ಉತ್ತರವೂ ಇರುತ್ತದೆ. 30 ವರ್ಷ, 100 ವರ್ಷ, ಕೆಲವದರ ಮೇಲೆ 1,000 ವರ್ಷ. ಅಷ್ಟು ಕಾಲ ಯಾರೂ ಕಾದು ನೋಡಿಲ್ಲ. ವಸ್ತುವನ್ನು ಹೆಚ್ಚು ಶಾಖ, ಹೆಚ್ಚು ತೇವದಲ್ಲಿ ಕೆಲವು ವಾರ ಇಟ್ಟು, ಅದು ಕೆಡುವ ವೇಗ ಅಳೆದು, ಸಾಮಾನ್ಯ ಕೋಣೆಯಲ್ಲಾದರೆ ಎಷ್ಟು ಕಾಲ ಬೇಕಾದೀತು ಎಂದು ಲೆಕ್ಕ ಕಟ್ಟಿ ಪಡೆದ ಸಂಖ್ಯೆಗಳವು. ರಸಾಯನಶಾಸ್ತ್ರದ ದೃಷ್ಟಿಯಿಂದ ಲೆಕ್ಕ ಸರಿಯೇ. ಆದರೆ ಘೋಟಿಯಲ್ಲಿ ಜುಲೈ ತಿಂಗಳು ಹೇಗಿರುತ್ತದೆ, ಮೋಟರು ಯಾವಾಗ ಹಿಡಿದುಕೊಳ್ಳುತ್ತದೆ, ಓದುವ ಯಂತ್ರವನ್ನು ಕಂಪನಿ ಯಾವಾಗ ನಿಲ್ಲಿಸುತ್ತದೆ ಎಂಬುದು ಆ ಲೆಕ್ಕದೊಳಗಿಲ್ಲ. ಅದಕ್ಕೇ ನಾನು ಬೇರೆ ಪ್ರಶ್ನೆ ಕೇಳಬೇಕೆನ್ನುತ್ತೇನೆ: ಇದು ಹೇಗೆ ಸಾಯುತ್ತದೆ? ಸಾಯುವ ಮೊದಲು ಸುಳಿವು ಕೊಡುತ್ತದೆಯೆ? ಅರ್ಧ ಸತ್ತಾಗ ಉಳಿದರ್ಧ ನಮ್ಮ ಕೈಗೆ ಸಿಗುತ್ತದೆಯೆ?

ಗೋವರ್ಧನದ ನೇಕಾರರ ಲೆಕ್ಕ

ನಾಸಿಕ್ ನಗರದ ಹೊರಗೆ, ಹೆದ್ದಾರಿಯ ಪಕ್ಕದ ಗುಡ್ಡದಲ್ಲಿ ಪಾಂಡವಲೇಣಿ ಎಂದು ಕರೆಯುವ ಬೌದ್ಧ ಗುಹೆಗಳಿವೆ. ಅವುಗಳಲ್ಲಿ ಹತ್ತನೆಯದರಲ್ಲಿ ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತ ಕೊರೆಸಿದ ಶಾಸನಗಳಿವೆ. ಕಾಲ ಕ್ರಿ.ಶ. 2ನೆಯ ಶತಮಾನದ ಮೊದಲ ಭಾಗ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದರಲ್ಲೊಂದು ಶಾಸನ ದಾನದ ಹೊಗಳಿಕೆಗಿಂತ ಹೆಚ್ಚಾಗಿ ಬ್ಯಾಂಕಿನ ಠೇವಣಿ ಪತ್ರದಂತಿದೆ. ಗುಹೆಯಲ್ಲಿ ಮಳೆಗಾಲ ಕಳೆಯುವ ಭಿಕ್ಷುಗಳಿಗಾಗಿ 3,000 ಕಾರ್ಷಾಪಣಗಳನ್ನು ಸಮೀಪದ ಗೋವರ್ಧನ ಪಟ್ಟಣದ ನೇಕಾರರ ಶ್ರೇಣಿಗಳಲ್ಲಿ ಇಡಲಾಗಿದೆ. ಒಂದು ಶ್ರೇಣಿಯಲ್ಲಿ 2,000, ನೂರಕ್ಕೆ ತಿಂಗಳಿಗೆ ಒಂದರ ಬಡ್ಡಿ. ಇನ್ನೊಂದರಲ್ಲಿ 1,000, ಬಡ್ಡಿ ನೂರಕ್ಕೆ ಮುಕ್ಕಾಲು. ಅಸಲು ಹಿಂದಿರುಗಿಸುವಂತಿಲ್ಲ, ಬಡ್ಡಿಯನ್ನಷ್ಟೇ ಬಳಸಬೇಕು. ಮೊದಲ ಠೇವಣಿಯ ಬಡ್ಡಿಯಿಂದ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣ ಬಟ್ಟೆಯ ಹಣ.

ಈ ಲೆಕ್ಕವನ್ನು ಒಮ್ಮೆ ನೀವೇ ಮಾಡಿ ನೋಡಿ. ಎರಡು ಸಾವಿರಕ್ಕೆ ತಿಂಗಳಿಗೆ ಇಪ್ಪತ್ತು, ವರ್ಷಕ್ಕೆ 240. ಇಪ್ಪತ್ತು ಜನಕ್ಕೆ ತಲಾ ಹನ್ನೆರಡು, ಅದೂ 240. ಸುಮಾರು ಹತ್ತೊಂಬತ್ತು ಶತಮಾನ ಕಳೆದ ಮೇಲೂ ಲೆಕ್ಕ ತಾಳೆಯಾಗುತ್ತದೆ. ಬಂಡೆಯಲ್ಲಿ ಈ ನಾಲ್ಕು ಸಂಖ್ಯೆಗಳಲ್ಲಿ ಒಂದು ಸವೆದು ಅಳಿಸಿಹೋಗಿದ್ದರೂ ಉಳಿದ ಮೂರರಿಂದ ಅದನ್ನು ಕಂಡುಹಿಡಿಯಬಹುದಿತ್ತು. ಯಾರಾದರೂ ತಪ್ಪಾಗಿ ಓದಿದ್ದರೆ ಆ ತಪ್ಪೂ ಹೊರಬೀಳುತ್ತಿತ್ತು. ಇಂದಿನ ಗಣಕ ವಿಜ್ಞಾನದ ಎರಡು ದೊಡ್ಡ ಉಪಾಯಗಳ ಬೀಜ ಇಲ್ಲಿದೆ: ದೋಷ ಪತ್ತೆ ಮತ್ತು ದೋಷ ತಿದ್ದುಪಡಿ. ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಬರೆದಿಟ್ಟರೆ, ಆ ಹೆಚ್ಚಿನದು ಉಳಿದದ್ದಕ್ಕೆ ಸಾಕ್ಷಿ ನಿಲ್ಲುತ್ತದೆ.

ಶಾಸನದ ಕೊನೆಯಲ್ಲಿ ಇನ್ನೊಂದು ಮಾತಿದೆ. ಇದೆಲ್ಲವನ್ನೂ ನಿಗಮಸಭೆಯಲ್ಲಿ ಸಾರಿ, ರೂಢಿಯಂತೆ ಫಲಕಗಳ ಮೇಲೆ ಬರೆಸಿ ನೋಂದಾಯಿಸಲಾಗಿದೆ ಎನ್ನುತ್ತದೆ. ಅಂದರೆ ಅಸಲಿ ದಾಖಲೆ ಪಟ್ಟಣದ ಕಚೇರಿಯಲ್ಲಿತ್ತು. ದಿನನಿತ್ಯ ನೋಡಲು, ತಿದ್ದಲು, ಬಡ್ಡಿ ಗುರುತು ಹಾಕಲು ಅದು ಬೇಕಿತ್ತು. ಸಾರಿದ್ದರಿಂದ ಒಂದು ಪ್ರತಿ ಜನರ ನೆನಪಿನಲ್ಲಿ ಕೂತಿತು. ಮೂರನೆಯದು ಊರಿನಿಂದ ದೂರ, ಗುಡ್ಡದ ಮೇಲೆ, ಬೇರೆಯದೇ ವಸ್ತುವಿನಲ್ಲಿತ್ತು. ಫಲಕಗಳು ಹೋದವು, ನೇಕಾರರ ಶ್ರೇಣಿಗಳು ಹೋದವು, ಅಸಲೂ ಹೋಯಿತು. ಉಳಿದದ್ದು ಕಲ್ಲಿನ ಪ್ರತಿ. ಮೂರು ಪ್ರತಿ ಇಡಿ, ಎರಡು ಬಗೆಯ ಮಾಧ್ಯಮದಲ್ಲಿಡಿ, ಒಂದನ್ನು ಬೇರೆ ಊರಿನಲ್ಲಿಡಿ ಎಂದು ಇಂದು ಬ್ಯಾಕಪ್ ಕುರಿತ ಕೈಪಿಡಿಗಳೆಲ್ಲ ಹೇಳುತ್ತವೆ. ಗೋವರ್ಧನದ ಜನ ಅದನ್ನು ಮಾಡಿಯೇ ಇದ್ದರು.

ಕಲ್ಲು ಸಾಯುವ ರೀತಿ ಎಲ್ಲ ಮಾಧ್ಯಮಗಳಿಗಿಂತ ಸೌಮ್ಯ. ಅಕ್ಷರ ಅಕ್ಷರವಾಗಿ, ಕಣ್ಣಿಗೆ ಕಾಣುವಂತೆ, ಶತಮಾನಗಳುದ್ದಕ್ಕೂ ಸವೆಯುತ್ತದೆ. ಒಂದು ಸಾಲು ಹೋದರೆ ಮುಂದಿನ ಸಾಲು ಕೆಡುವುದಿಲ್ಲ. ಆದರೂ ಕಲ್ಲನ್ನು ಚಿರಂಜೀವಿ ಎನ್ನಲಾಗದು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ ಸಂಪುಟ ಹೊರಬಂದದ್ದು 1905ರಲ್ಲಿ. ಅದರಲ್ಲಿ ದಾಖಲಾದ ಎಷ್ಟೋ ಶಾಸನಗಳು ಇಂದು ಅವು ಇದ್ದ ಜಾಗದಲ್ಲಿಲ್ಲ. ಲೇಔಟು, ರಸ್ತೆ ಅಗಲೀಕರಣ, ಪಾಯದ ಕಲ್ಲಿನ ಅಗತ್ಯ ಅವನ್ನು ನುಂಗಿದವು. ಅವುಗಳ ಪಾಠ ಉಳಿದಿರುವುದು ಕಾಗದದ ಮೇಲೆ ಮಾತ್ರ. ಸಾವಿರ ವರ್ಷ ನಿಂತ ಕಲ್ಲು ಹೋಯಿತು, ನೂರು ವರ್ಷದ ಪುಸ್ತಕ ಉಳಿಯಿತು, ಏಕೆಂದರೆ ಪುಸ್ತಕಕ್ಕೆ ಪ್ರತಿಗಳಿದ್ದವು. ಬೆಂಗಳೂರಿನ ಮಿಥಿಕ್ ಸೊಸೈಟಿ ಉಳಿದ ಶಾಸನಗಳನ್ನು ಹುಡುಕಿ ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಿರುವುದು ಈ ಕಾರಣಕ್ಕೇ. ಇಷ್ಟು ಅಗತ್ಯದ ಕೆಲಸ ಇಷ್ಟು ತಡವಾಗಿ ಶುರುವಾಯಿತಲ್ಲ ಎಂಬ ಸಂಕಟ ನನಗಿದೆ.

ವಣಿಯಿಂದ ಮೂಡಬಿದಿರೆಗೆ

ನಾಸಿಕ್ ಜಿಲ್ಲೆ ಕನ್ನಡಿಗರಿಗೆ ದೂರದ ನಾಡಲ್ಲ. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಹೇಳುವುದು ಗೋದಾವರಿಯನ್ನು. ರಾಷ್ಟ್ರಕೂಟರ ಮುಮ್ಮಡಿ ಗೋವಿಂದನ ತಾಮ್ರಶಾಸನವೊಂದು ಸಿಕ್ಕಿದ್ದು ಇದೇ ಜಿಲ್ಲೆಯ ದಿಂಡೋರಿ ಕಡೆಯ ವಣಿಯಲ್ಲಿ. ತಾಮ್ರಪಟ ಮಾಡಿದವರ ಎಚ್ಚರ ಮೆಚ್ಚುವಂಥದ್ದು. ತಗಡಿನ ಅಂಚನ್ನು ಸ್ವಲ್ಪ ಎತ್ತರಿಸುತ್ತಿದ್ದರು, ಒಂದರ ಮೇಲೊಂದು ಇಟ್ಟರೂ ಅಕ್ಷರ ಉಜ್ಜಿಹೋಗದಿರಲೆಂದು. ಮೊದಲ ಮತ್ತು ಕೊನೆಯ ತಗಡುಗಳ ಹೊರಮೈಯನ್ನು ಸಾಮಾನ್ಯವಾಗಿ ಖಾಲಿ ಬಿಡುತ್ತಿದ್ದರು. ಎಲ್ಲವನ್ನೂ ಒಂದು ಬಳೆಗೆ ಪೋಣಿಸಿ, ಬಳೆಯ ಬೆಸುಗೆಗೆ ರಾಜಮುದ್ರೆ ಒತ್ತುತ್ತಿದ್ದರು. ಮುದ್ರೆ ಒಡೆಯದೆ ಒಂದು ತಗಡು ತೆಗೆಯಲೂ ಆಗದು, ಸೇರಿಸಲೂ ಆಗದು. ತಾಮ್ರ ನೆಲದಡಿ ಸಾವಿರ ವರ್ಷ ಇದ್ದರೂ ಹಸಿರು ಕಿಲುಬು ಹಿಡಿಯುವುದಷ್ಟೆ. ಅದರ ಸಾವು ಬರುವುದು ಬೆಲೆಯಿಂದ. ಕಷ್ಟಕಾಲದಲ್ಲಿ ಅದು ಪಾತ್ರೆಯಾಗುತ್ತದೆ.

ಓಲೆಗರಿಗೆ ಆ ಬೆಲೆ ಇಲ್ಲ, ಆ ಗಟ್ಟಿತನವೂ ಇಲ್ಲ. ಗೆದ್ದಲು, ಬೂಷ್ಟು, ಬೆಂಕಿ, ಮುರಿತ, ನೂರು ಶತ್ರುಗಳು. ಹಾಗಿದ್ದೂ ಓಲೆಯ ಮೇಲೆ ಉಳಿದಷ್ಟು ಹಳೆಯ ಸಾಹಿತ್ಯ ಇನ್ನಾವುದರ ಮೇಲೂ ಉಳಿದಿಲ್ಲ. ವೀರಸೇನಾಚಾರ್ಯರು 9ನೆಯ ಶತಮಾನದ ಆದಿಯಲ್ಲಿ ಜೈನರ ಷಟ್ಖಂಡಾಗಮಕ್ಕೆ ಧವಲಾ ಎಂಬ ಮಹಾವ್ಯಾಖ್ಯಾನ ಬರೆದರು. 72,000 ಶ್ಲೋಕಗಳಷ್ಟು ದೊಡ್ಡದು. ಅವರು ಬರೆದ ವಾಟಗ್ರಾಮ ಎಲ್ಲಿತ್ತು ಎಂಬುದರಲ್ಲಿ ಭಿನ್ನಮತವಿದೆ. ಅದು ಈ ವಣಿಯೇ ಎಂದು ಗುರುತಿಸುವ ವಿದ್ವಾಂಸರೂ ಇದ್ದಾರೆ. ಆ ಮೂಲ ಪ್ರತಿ ಎಂದೋ ಅಳಿಯಿತು. ಕೃತಿ ಉಳಿದದ್ದು ದಕ್ಷಿಣದಲ್ಲಿ, ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳೆಗನ್ನಡ ಲಿಪಿಯ ಓಲೆಗಳ ಮೇಲೆ. ಅಲ್ಲಿನ ಓಲೆಗಳು 12ನೆಯ ಶತಮಾನದ ಆಸುಪಾಸಿನವು. ಕರಾವಳಿಯ ಆ ತೇವದಲ್ಲಿ ಓಲೆ ಹೇಗೆ ಬದುಕಿತು?

ಒಂದು, ಶ್ರೀತಾಳೆಯ ಗರಿಯನ್ನು ಬೇಯಿಸಿ, ಒಣಗಿಸಿ, ನಯಗೊಳಿಸಿ ಹದ ಮಾಡುವ ಕ್ರಮ. ಮಜ್ಜಿಗೆಹುಲ್ಲಿನ ಎಣ್ಣೆ ಸವರಿದರೆ ಗರಿ ಬಾಗುವ ಗುಣ ಉಳಿಸಿಕೊಳ್ಳುತ್ತದೆ, ಹುಳುವೂ ದೂರ. ಎರಡು, ಅಕ್ಷರವನ್ನು ಕಂಟದಿಂದ ಕೊರೆದು ಮಸಿ ತುಂಬುವ ಪದ್ಧತಿ. ಮಸಿ ಮಾಸಿದರೆ ಮತ್ತೆ ತುಂಬಬಹುದು, ಕೊರೆತ ಉಳಿದೇ ಇರುತ್ತದೆ. ಇವೆರಡಕ್ಕಿಂತ ದೊಡ್ಡದು ಮೂರನೆಯದು. ಜ್ಯೇಷ್ಠ ಶುದ್ಧ ಪಂಚಮಿಯನ್ನು ಜೈನರು ಶ್ರುತಪಂಚಮಿ ಎಂದು ಆಚರಿಸುತ್ತಾರೆ. ಅಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಬಟ್ಟೆ ಬದಲಿಸಿ ಕಟ್ಟಿ, ಪೂಜಿಸಿ ಒಳಗಿಡುತ್ತಾರೆ. ದಿನ ಗೊತ್ತುಮಾಡಿದ್ದರಿಂದ ಯಾರೂ ಮರೆಯುವಂತಿಲ್ಲ. ಮಳೆ ಜೋರಾಗುವ ಹೊತ್ತಿಗೆ ಸರಿಯಾಗಿ ಬರುವ ವಾರ್ಷಿಕ ತಪಾಸಣೆ ಅದು. ಯಾವ ಗರಿ ಮುರಿಯುತ್ತಿದೆ, ಯಾವುದನ್ನು ಮರುಬರೆಯಬೇಕು ಎಂಬುದು ಆ ದಿನ ಕಣ್ಣಿಗೆ ಬೀಳುತ್ತದೆ. ಇಂದು ಕೋಟಿಗಟ್ಟಲೆ ವೆಚ್ಚದ ದತ್ತಾಂಶ ಕೇಂದ್ರಗಳಲ್ಲಿ ತಂತ್ರಾಂಶವೊಂದು ಹಿನ್ನೆಲೆಯಲ್ಲಿ ಪ್ರತಿ ಕಡತವನ್ನೂ ಓದಿ ಪರೀಕ್ಷಿಸುತ್ತಿರುತ್ತದೆ, ಕೆಲಸ ಅದೇ.

ಅಳಿಸಿ ಬರೆದ ಬೆಳ್ಳಿ

1906ರಲ್ಲಿ ನಾಸಿಕ್ ಜಿಲ್ಲೆಯ ಜೋಗಲ್‌ಥೆಂಬಿ ಎಂಬ ಹಳ್ಳಿಯಲ್ಲಿ ಬೆಳ್ಳಿ ನಾಣ್ಯಗಳ ದೊಡ್ಡ ನಿಧಿ ಸಿಕ್ಕಿತು. 13,000ಕ್ಕೂ ಹೆಚ್ಚು ನಾಣ್ಯಗಳು, ಎಲ್ಲವೂ ಮೂಲತಃ ನಹಪಾನನವು. ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ಶಾತವಾಹನರ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆಯನ್ನು ಮತ್ತೆ ಒತ್ತಿಸಿದ್ದ. ನಹಪಾನನನ್ನು ಗೆದ್ದವನು, ಅವನ ಬೆಳ್ಳಿಯನ್ನು ಕರಗಿಸುವ ಗೋಜಿಗೆ ಹೋಗದೆ, ಅದೇ ತುಂಡಿನ ಮೇಲೆ ತನ್ನ ಹೆಸರು ಬರೆಸಿದ. ನಾಣ್ಯವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಹೊಸ ಗುರುತಿನ ಅಡಿಯಲ್ಲಿ ಹಳೆಯ ಮುಖದ ಮೂಗು, ಕೆನ್ನೆ, ಅಂಚಿನ ಅಕ್ಷರಗಳ ತುಣುಕು ಇನ್ನೂ ಕಾಣುತ್ತದೆ. ಇತಿಹಾಸಕಾರರಿಗೆ ಯಾರು ಮೊದಲು, ಯಾರು ಆಮೇಲೆ ಎಂಬುದು ಖಚಿತವಾದದ್ದು ಈ ಪದರಗಳಿಂದ.

ಮರುಬಳಕೆ ದಾಖಲೆಗಳ ಹಳೆಯ ಶತ್ರು. ಮಾಧ್ಯಮ ದುಬಾರಿಯಾದಷ್ಟೂ ಅಳಿಸಿ ಬರೆಯುವ ಆಸೆ ಬಲವಾಗುತ್ತದೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ಬಂದ ಮೂಲ ಸಂಕೇತಗಳನ್ನು ನಾಸಾ ಅಗಲವಾದ ಕಾಂತೀಯ ಟೇಪುಗಳ ಮೇಲೆ ದಾಖಲಿಸಿಕೊಂಡಿತ್ತು. ಟಿ.ವಿ.ಯಲ್ಲಿ ಜಗತ್ತು ನೋಡಿದ್ದಕ್ಕಿಂತ ಸ್ಪಷ್ಟವಾದ ಚಿತ್ರ ಅದರಲ್ಲಿತ್ತು. ಮುಂದೆ ಉಪಗ್ರಹಗಳ ದತ್ತಾಂಶಕ್ಕೆ ಟೇಪಿನ ಅಭಾವವಾದಾಗ ಹಳೆಯ ಟೇಪುಗಳನ್ನು ಭಾರಿ ಪ್ರಮಾಣದಲ್ಲಿ ಅಳಿಸಿ ಮರುಬಳಸಲಾಯಿತು. ಅಪೊಲೊ 11ರ ಆ ಟೇಪುಗಳೂ ಅದರಲ್ಲೇ ಹೋಗಿರಬೇಕು ಎಂಬ ನಿರ್ಣಯಕ್ಕೆ ನಾಸಾ ಬಂದದ್ದು 2009ರಲ್ಲಿ, ವರ್ಷಗಟ್ಟಲೆ ಹುಡುಕಿದ ಮೇಲೆ. ಬೆಳ್ಳಿಯಲ್ಲಿ ನಹಪಾನನ ಮೂಗಾದರೂ ಉಳಿಯಿತು. ಟೇಪಿನಲ್ಲಿ ಅಂಥ ಗುರುತು ಉಳಿಯಲಿಲ್ಲ. ಬಹುಕಾಲ ಉಳಿಸಬೇಕಾದ ಪ್ರತಿಯನ್ನು ಒಮ್ಮೆ ಬರೆದರೆ ಮತ್ತೆ ಬರೆಯಲಾಗದ ಮಾಧ್ಯಮದಲ್ಲಿ ಇಡುವುದು ಒಳ್ಳೆಯದು ಎನ್ನುವುದಕ್ಕೆ ಇದೇ ಕಾರಣ. ಟೇಪು ಮತ್ತು ಡಿಸ್ಕು ಎರಡರಲ್ಲೂ ಅಂಥ ಬಗೆಗಳಿವೆ.

ತ್ರ್ಯಂಬಕೇಶ್ವರದವನ ಚಿತ್ರಗಳು

ದಾದಾಸಾಹೇಬ್ ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ತ್ರ್ಯಂಬಕೇಶ್ವರದಲ್ಲಿ. ತೀರಿಕೊಂಡದ್ದು 1944ರಲ್ಲಿ ನಾಸಿಕ್‌ನಲ್ಲಿ. ಅವರ ರಾಜಾ ಹರಿಶ್ಚಂದ್ರ 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ನಾಲ್ಕು ರೀಲಿನ ಆ ಚಿತ್ರದ ಮೊದಲ ಮತ್ತು ಕೊನೆಯ ರೀಲು ಮಾತ್ರ ಇಂದು ಉಳಿದಿವೆ ಎನ್ನುತ್ತಾರೆ; ಅವು ಕೂಡ ಮುಂದೆ ಮತ್ತೆ ತೆಗೆದ ಆವೃತ್ತಿಯವು ಎಂಬ ವಾದವಿದೆ. ನಮ್ಮ ಸ್ಥಿತಿ ಇನ್ನೂ ಕೆಟ್ಟದು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ಕೊಲ್ಲಾಪುರದ ಛತ್ರಪತಿ ಸ್ಟುಡಿಯೊದಲ್ಲಿ ಚಿತ್ರೀಕರಣಗೊಂಡು 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯ. ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ಮೊದಲ ಬಾರಿಗೆ ತೆರೆಯ ಮೇಲೆ ಹೇಗೆ ಮಾತಾಡಿತು ಎಂಬುದನ್ನು ಇನ್ನು ಯಾರೂ ಕೇಳಲಾರರು.

ಆ ಕಾಲದ ಫಿಲ್ಮಿನ ಆಧಾರ ಸೆಲ್ಯುಲೋಸ್ ನೈಟ್ರೇಟ್. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಮಾರ್ಪಡಿಸಿ ಮಾಡಿದ್ದು. ಸಿಡಿಮದ್ದಿನ ಹತ್ತಿರದ ಬಂಧು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ತಗುಲದಿದ್ದರೂ ಒಳಗಿನಿಂದ ಕೊಳೆಯುತ್ತದೆ: ಮೊದಲು ಚಿತ್ರ ಹಳದಿಯಾಗಿ ಮಾಸುತ್ತದೆ, ಆಮೇಲೆ ಸುರುಳಿ ಅಂಟಂಟಾಗುತ್ತದೆ, ಆಮೇಲೆ ಗುಳ್ಳೆ ಎದ್ದು ನೊರೆ ಬರುತ್ತದೆ, ಕಡೆಗೆ ಡಬ್ಬಿಯಲ್ಲಿ ಉಳಿಯುವುದು ಕಂದು ಪುಡಿ. 2003ರ ಜನವರಿ 8ರಂದು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರದ ನೈಟ್ರೇಟ್ ಸಂಗ್ರಹಕ್ಕೆ ಬೆಂಕಿ ಬಿದ್ದಾಗ ಐದು ಸಾವಿರಕ್ಕೂ ಹೆಚ್ಚು ರೀಲುಗಳು ಉರಿದುಹೋದವು. ಬೆಂಕಿಯ ಜೊತೆಗೆ ಬೆಲೆಯ ಶಾಪವೂ ಫಿಲ್ಮಿಗಿತ್ತು. ಚಿತ್ರ ಮೂಡಿಸುವುದು ಬೆಳ್ಳಿಯ ಕಣ. ಓಡಿ ಮುಗಿದ ಚಿತ್ರಗಳ ಪ್ರತಿಗಳನ್ನು ಆ ಬೆಳ್ಳಿಗಾಗಿ ಕರಗಿಸಿದರು.

ಮುಂದೆ ಬಂದ ಅಸಿಟೇಟ್ ಫಿಲ್ಮು ಹಾಗೆ ಭಗ್ಗನೆ ಉರಿಯುವುದಿಲ್ಲ, ಹುಳಿಯುತ್ತದೆ. ಶಾಖ ಮತ್ತು ತೇವದಲ್ಲಿ ಅದರಿಂದ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ. ಬಿಡುಗಡೆಯಾದ ಆಮ್ಲವೇ ಮುಂದಿನ ಕೊಳೆತಕ್ಕೆ ವೇಗ ಕೊಡುತ್ತದೆ, ಹೀಗಾಗಿ ಒಮ್ಮೆ ಶುರುವಾದ ಮೇಲೆ ತಡೆಯುವುದು ಕಷ್ಟ, ನಿಧಾನಗೊಳಿಸಬಹುದು ಅಷ್ಟೆ. ಆದರೆ ಇಲ್ಲೊಂದು ಉಪಕಾರವಿದೆ. ವಾಸನೆ ಎಚ್ಚರಿಕೆ ಕೊಡುತ್ತದೆ. ಡಬ್ಬಿಯೊಳಗೆ ಇಡುವ ನೀಲಿ ಪಟ್ಟಿಯೊಂದಿದೆ, ಆಮ್ಲ ಹೆಚ್ಚಿದಂತೆ ಹಸಿರಾಗಿ, ಆಮೇಲೆ ಹಳದಿಯಾಗುತ್ತದೆ. ಸಂಗ್ರಹಾಲಯದವರು ಅದನ್ನು ನೋಡಿ ಯಾವ ರೀಲನ್ನು ಮೊದಲು ಪ್ರತಿ ಮಾಡಬೇಕೆಂದು ಸಾಲು ನಿಲ್ಲಿಸುತ್ತಾರೆ. ಇಂದಿನ ಪಾಲಿಯೆಸ್ಟರ್ ಫಿಲ್ಮಿಗೆ ಈ ಎರಡೂ ರೋಗವಿಲ್ಲ. ಅದಕ್ಕೇ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ, ಹಳೆಯ ಕಲ್ಲಿದ್ದಲು ಗಣಿಯೊಳಗೆ, ಗಣಕದ ದತ್ತಾಂಶವನ್ನೇ ಫಿಲ್ಮಿನ ಮೇಲೆ ಕಪ್ಪುಬಿಳುಪು ಚುಕ್ಕಿಗಳಾಗಿ ಅಚ್ಚು ಮಾಡಿ ಇಟ್ಟಿದ್ದಾರೆ. 2020ರಲ್ಲಿ ಗಿಟ್‌ಹಬ್ ಸಂಸ್ಥೆ ಜಗತ್ತಿನ ಮುಕ್ತ ತಂತ್ರಾಂಶಗಳ 21 ಟೆರಾಬೈಟ್ ಸಂಗ್ರಹವನ್ನು ಅಲ್ಲಿಗೆ ಸೇರಿಸಿತು. ಚುಕ್ಕಿಗಳನ್ನು ಓದುವುದು ಹೇಗೆ ಎಂಬ ವಿವರಣೆಯನ್ನು ಭೂತಗನ್ನಡಿಯಲ್ಲಿ ಓದಬಲ್ಲ ಅಕ್ಷರಗಳಲ್ಲಿ ಅದೇ ಫಿಲ್ಮಿನ ಮೇಲೆ ಬರೆದಿದ್ದಾರೆ.

ಸದ್ದಿಲ್ಲದ ಸಾವು

ಇನ್ನು ನಮ್ಮ ಮೇಜಿನ ಮೇಲಿನ ವಸ್ತುಗಳು. ಇವುಗಳ ಸಾವು ಮೇಲಿನ ಎಲ್ಲಕ್ಕಿಂತ ಬೇರೆ, ಮತ್ತು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಅಪಾಯಕಾರಿ.

ಪೆನ್ ಡ್ರೈವ್, ಮೆಮರಿ ಕಾರ್ಡ್, ಎಸ್‌ಎಸ್‌ಡಿ ಮೂರೂ ಒಂದೇ ಕುಲ. ನಿರೋಧಕ ಪದರದ ನಡುವೆ ಎಲೆಕ್ಟ್ರಾನುಗಳನ್ನು ಕೂಡಿಹಾಕಿ, ಅವೆಷ್ಟಿವೆ ಎಂಬುದರಿಂದ ಮಾಹಿತಿ ಓದುತ್ತವೆ. ಅಗ್ಗದ ಚಿಪ್ಪುಗಳಲ್ಲಿ ಒಂದೊಂದು ಕೋಶಕ್ಕೂ ನಾಲ್ಕು ಬಿಟ್ ತುಂಬುತ್ತಾರೆ. ಅಂದರೆ 16 ಮಟ್ಟಗಳನ್ನು ಬೇರ್ಪಡಿಸಿ ಗುರುತಿಸಬೇಕು. ಎಲೆಕ್ಟ್ರಾನುಗಳು ಸೋರುತ್ತವೆ, ಬಿಸಿ ಹೆಚ್ಚಿದಷ್ಟೂ ಬೇಗ ಸೋರುತ್ತವೆ. ಉದ್ಯಮದ ಜೆಡೆಕ್ ಮಾನದಂಡದ ಪ್ರಕಾರ, ಬರೆಯುವ ಮಿತಿ ಮುಗಿಸಿದ ಸಾಮಾನ್ಯ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ದತ್ತಾಂಶ ಉಳಿಸಿಕೊಂಡರೆ ಸಾಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದಿಡುತ್ತದೆ, ನಿಜ. ಆದರೆ ಬೀರುವಿನಲ್ಲಿಟ್ಟು ಹತ್ತು ವರ್ಷ ಮರೆಯಲು ಮಾಡಿದ ವಸ್ತು ಅದಲ್ಲ. ಇದರಲ್ಲಿ ದಾಖಲೆ ಸಾಗಿಸಿ, ಸಂಗ್ರಹಿಸಬೇಡಿ.

ಹಾರ್ಡ್ ಡಿಸ್ಕಿನ ಕಾಂತೀಯ ತಟ್ಟೆ ಬಹುಕಾಲ ಬಾಳಬಲ್ಲದು. ಸಾಯುವುದು ಅದರ ಸುತ್ತಲಿನ ಯಂತ್ರ: ಮೋಟರು, ಬೇರಿಂಗು, ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಹಾರುವ ಓದುಹೆಡ್ಡು, ಹಿಂಬದಿಯ ಸರ್ಕ್ಯೂಟು. ಬರಹವೂ ಓದುಗನೂ ಒಂದೇ ಡಬ್ಬಿಯಲ್ಲಿ ಬಂಧಿಯಾಗಿರುವುದರಿಂದ ಒಂದು ಕೆಟ್ಟರೆ ಎರಡೂ ಹೋದಂತೆ. ಬಿಡುವಿಲ್ಲದೆ ಓಡಿದರೂ ಕಷ್ಟ, ವರ್ಷಗಟ್ಟಲೆ ಓಡದೆ ಬಿದ್ದರೂ ಕಷ್ಟ.

ಟೇಪಿನಲ್ಲಿ ಬರಹ ಬೇರೆ, ಓದುಗ ಬೇರೆ. ಡ್ರೈವ್ ಕೆಟ್ಟರೆ ಟೇಪನ್ನು ಇನ್ನೊಂದಕ್ಕೆ ಹಾಕಬಹುದು. ಇಂದಿಗೂ ದೊಡ್ಡ ಸಂಗ್ರಹಾಲಯಗಳು ಟೇಪನ್ನು ಬಿಡದಿರುವುದಕ್ಕೆ ಇದು ಮುಖ್ಯ ಕಾರಣ. ಎಲ್‌ಟಿಓ-9 ಎಂಬ ಅಂಗೈಯಗಲದ ಕಾರ್ಟ್ರಿಜ್ಜಿನಲ್ಲಿ ಸಾವಿರ ಮೀಟರಿಗೂ ಉದ್ದದ ಪಟ್ಟಿ, ಅದರ ಮೇಲೆ 18 ಟೆರಾಬೈಟ್. ಈಗಿನ ಪಟ್ಟಿಗಳಲ್ಲಿರುವ ಬೇರಿಯಂ ಫೆರೈಟ್ ಕಣಗಳು ಆಗಲೇ ಆಕ್ಸೈಡ್ ರೂಪದಲ್ಲಿರುವುದರಿಂದ ತುಕ್ಕಿನ ಭಯವೂ ಇಲ್ಲ. ಹಳೆಯ ಧ್ವನಿಟೇಪುಗಳ ಕತೆ ಬೇರೆ: 1970 ಮತ್ತು 80ರ ದಶಕದ ಹಲವು ಟೇಪುಗಳಲ್ಲಿ ಕಣಗಳನ್ನು ಹಿಡಿದಿಟ್ಟ ಅಂಟು ತೇವ ಹೀರಿ ಜಿಡ್ಡಾಗುತ್ತದೆ. ಅಂಥದ್ದನ್ನು ಹಾಗೆಯೇ ಓಡಿಸಿದರೆ ಲೇಪವೇ ಕಿತ್ತುಬರುತ್ತದೆ. ಸುಮಾರು 50 ಡಿಗ್ರಿ ಹದ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ, ಅದು ಮತ್ತೆ ತೇವ ಹೀರುವುದರೊಳಗೆ ಪ್ರತಿ ಮಾಡಿಕೊಳ್ಳಬೇಕು. ಎಲ್‌ಟಿಓ ಟೇಪಿಗೆ ಹೇಳುವ 30 ವರ್ಷದ ಬಾಳಿಕೆ 16ರಿಂದ 25 ಡಿಗ್ರಿ ಉಷ್ಣತೆ, ಶೇಕಡ 20ರಿಂದ 50ರಷ್ಟು ತೇವಕ್ಕೆ ಅನ್ವಯಿಸುತ್ತದೆ. ಘೋಟಿಯಲ್ಲಿ, ಆಗುಂಬೆಯಲ್ಲಿ, ಮೂಡಬಿದಿರೆಯಲ್ಲಿ ಮಳೆಗಾಲದ ಗಾಳಿ ಈ ಮಿತಿಯನ್ನು ತಿಂಗಳುಗಟ್ಟಲೆ ಮೀರಿರುತ್ತದೆ. ಹೊಸ ಡ್ರೈವ್ ಹಳೆಯ ಟೇಪನ್ನು ಓದುತ್ತದೆಂಬ ನೆಚ್ಚಿಗೆಯೂ ಕುಗ್ಗಿದೆ. ಮೊದಲು ಎರಡು ತಲೆಮಾರು ಹಿಂದಿನದನ್ನು ಓದುತ್ತಿತ್ತು, ಆಮೇಲೆ ಒಂದು. 2025ರಲ್ಲಿ ಬಂದ ಎಲ್‌ಟಿಓ-10 ಹಿಂದಿನ ಯಾವ ಟೇಪನ್ನೂ ಓದುವುದಿಲ್ಲ. ಡ್ರೈವಿನ ಬೆಲೆ ಲಕ್ಷಗಟ್ಟಲೆ. ವಿಶ್ವವಿದ್ಯಾಲಯಕ್ಕೆ, ಪತ್ರಿಕಾ ಕಚೇರಿಗೆ ಇದು ಸರಿ, ಮನೆಗೆ ಹೊಂದದು.

ಸಿ.ಡಿ., ಡಿ.ವಿ.ಡಿ.ಗಳಲ್ಲಿ ಮನೆಯಲ್ಲೇ ಬರೆಯುವ ಬಗೆಯವು ಹೆಚ್ಚಾಗಿ ಸಾವಯವ ಬಣ್ಣದ ಮೇಲೆ ನಿಂತಿವೆ, ಬೆಳಕಿಗೆ ಮಾಸುತ್ತವೆ. ಕಲ್ಲಿನಂಥ ಅಜೈವಿಕ ಪದರದ ಎಂ-ಡಿಸ್ಕ್ ಇದಕ್ಕಿಂತ ಗಟ್ಟಿ. ಆದರೆ 2025ರ ಫೆಬ್ರವರಿಯಲ್ಲಿ ಸೋನಿ ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನೇ ನಿಲ್ಲಿಸಿತು. ಹೆಚ್ಚಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಗಾಜಿನಲ್ಲಿ, ಡಿಎನ್‌ಎ ಅಣುವಿನಲ್ಲಿ ಬರೆಯುವ ಪ್ರಯೋಗಗಳು ಆಶಾದಾಯಕ. ಅಂಗಡಿಗೆ ಬಂದಾಗ ಮಾತಾಡೋಣ.

ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಗುಣವನ್ನು ಓದುಗರು ಮನಸ್ಸಿಟ್ಟು ಗಮನಿಸಬೇಕು. ಡಿಜಿಟಲ್ ಮಾಧ್ಯಮಗಳೆಲ್ಲ ದೋಷ ತಿದ್ದುವ ಗಣಿತ ಬಳಸುತ್ತವೆ. ರೀಡ್ ಮತ್ತು ಸಾಲೊಮನ್ 1960ರಲ್ಲಿ ಕೊಟ್ಟ ಸಂಕೇತಕ್ರಮದ ನೆರವಿನಿಂದ ಸಿ.ಡಿ.ಯೊಂದು ಎರಡೂವರೆ ಮಿಲಿಮೀಟರ್ ಉದ್ದದ ಗೀರನ್ನೂ ಸಂಪೂರ್ಣ ಸರಿಪಡಿಸಿ ಹಾಡು ನುಡಿಸುತ್ತದೆ. ಗೋವರ್ಧನದ ಲೆಕ್ಕದ ತತ್ತ್ವವೇ, ಸಾವಿರ ಪಟ್ಟು ಬಲಗೊಂಡದ್ದು. ತೊಂದರೆ ಏನೆಂದರೆ ಈ ತಿದ್ದುಪಡಿ ರೋಗವನ್ನು ನಮ್ಮಿಂದ ಮುಚ್ಚಿಡುತ್ತದೆ. ನೋವು ಹೇಳಿಕೊಳ್ಳದೆ ದುಡಿಯುವ ಮನೆಯ ಹಿರಿಯರ ಹಾಗೆ, ಡಿಸ್ಕು ಕೊನೆಯ ದಿನದವರೆಗೂ ಒಂದು ಅಕ್ಷರ ತಪ್ಪದೆ ಓದಿಕೊಡುತ್ತದೆ. ತಿದ್ದುವ ಶಕ್ತಿ ಮೀರಿದ ಮರುದಿನ ಫೈಲು ತೆರೆಯುವುದೇ ಇಲ್ಲ. ಕಲ್ಲು ಅಕ್ಷರ ಕಳೆದುಕೊಂಡು, ಫಿಲ್ಮು ಹುಳಿ ವಾಸನೆ ಬೀರಿ, ಓಲೆ ಅಂಚು ಮುರಿದು ಮೊದಲೇ ಹೇಳುತ್ತವೆ. ಡಿಜಿಟಲ್ ವಸ್ತುವನ್ನು ನಾವಾಗಿ ವಿಚಾರಿಸಬೇಕು. ಹಾರ್ಡ್ ಡಿಸ್ಕಿನೊಳಗೆ ಸ್ಮಾರ್ಟ್ ಎಂಬ ಸ್ವಯಂ ದಾಖಲೆ ಇದೆ, ಕೆಟ್ಟು ಬದಲಿಸಿದ ಜಾಗಗಳೆಷ್ಟು ಎಂದು ಅದು ಬರೆದುಕೊಂಡಿರುತ್ತದೆ. ಅದನ್ನು ತೋರಿಸುವ ಉಚಿತ ತಂತ್ರಾಂಶಗಳಿವೆ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಬೆರಳಚ್ಚು ತೆಗೆದಿಡಬಹುದು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ವರ್ಷಕ್ಕೊಮ್ಮೆ ಮತ್ತೆ ತೆಗೆದು ಹೋಲಿಸಿದರೆ ಯಾವ ಪ್ರತಿ ಕೆಟ್ಟಿದೆ ಎಂದು ತಿಳಿಯುತ್ತದೆ, ಕೆಡದ ಪ್ರತಿಯಿಂದ ಅದನ್ನು ಹೊಸದು ಮಾಡಬಹುದು.

ಓದುಗನೇ ಇಲ್ಲವಾದರೆ

ಪಾಂಡವಲೇಣಿಯ ಶಾಸನಗಳು ಚೆನ್ನಾಗಿಯೇ ಇದ್ದವು, ಆದರೂ ನೂರಾರು ವರ್ಷ ಯಾರಿಗೂ ಅರ್ಥವಾಗಲಿಲ್ಲ. ಬ್ರಾಹ್ಮಿ ಓದಬಲ್ಲವರು ಉಳಿದಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿ ಬಿಡಿಸಿದ ಮೇಲಷ್ಟೇ ಉಷವದಾತನ ಬಡ್ಡಿ ಲೆಕ್ಕ ಹೊರಬಂದದ್ದು. ಇದು ಹಳೆಯ ಕಾಲದ ಸಂಗತಿ ಎಂದುಕೊಳ್ಳಬೇಡಿ. 1990ರ ದಶಕದಿಂದ 2010ರ ಸುಮಾರಿನವರೆಗೆ ಕನ್ನಡದ ಪುಸ್ತಕ, ಪತ್ರಿಕೆ, ಸರ್ಕಾರಿ ಕಡತಗಳು ಬಹುಪಾಲು ಸಿದ್ಧವಾದದ್ದು ಬರಹ, ನುಡಿ, ಶ್ರೀಲಿಪಿ, ಪ್ರಕಾಶಕ್‌ನಂಥ ತಂತ್ರಾಂಶಗಳ ಅಕ್ಷರವಿನ್ಯಾಸಗಳಲ್ಲಿ. ಕಂಪ್ಯೂಟರಿನೊಳಗೆ ಅವು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳೇ; ಫಾಂಟ್ ಮಾತ್ರ ಅವಕ್ಕೆ ಕನ್ನಡದ ರೂಪ ತೊಡಿಸುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಂಥ ಫೈಲನ್ನು ತೆರೆದರೆ ಕಾಣುವುದು ಚುಕ್ಕಿ, ಕೊಂಬು ಹೊತ್ತ ಐರೋಪ್ಯ ಅಕ್ಷರಗಳ ರಾಶಿ. ಡಿಸ್ಕು ಗಟ್ಟಿಯಾಗಿದೆ, ಒಂದು ಬಿಟ್ಟೂ ಕೆಟ್ಟಿಲ್ಲ, ಬೆರಳಚ್ಚು ತಾಳೆಯಾಗುತ್ತದೆ. ಆದರೂ ಕನ್ನಡ ಸತ್ತಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲೇ. ನಾವು ಅದನ್ನು ದಿನಬಳಕೆಗೆ ತರಲು ಎರಡು ದಶಕ ತೆಗೆದುಕೊಂಡೆವು, ಆ ಎರಡು ದಶಕದ ಬರಹವೆಲ್ಲ ಈಗ ಅಪಾಯದಲ್ಲಿದೆ.

ಆದ್ದರಿಂದ ಮಾಧ್ಯಮಕ್ಕಿಂತ ಮೊದಲು ರೂಪವನ್ನು ಆರಿಸಿ. ಪಠ್ಯಕ್ಕೆ ಯೂನಿಕೋಡಿನ ಸರಳ ಪಠ್ಯ, ಪುಟವಿನ್ಯಾಸ ಬೇಕಾದರೆ ಪಿಡಿಎಫ್-ಎ. ಚಿತ್ರಕ್ಕೆ ಟಿಫ್, ಧ್ವನಿಗೆ ವೇವ್ ಅಥವಾ ಫ್ಲ್ಯಾಕ್. ಒಂದೇ ಕಂಪನಿಯ ತಂತ್ರಾಂಶಕ್ಕೆ ಕಟ್ಟುಬಿದ್ದ ಯಾವ ರೂಪವೂ ಬೇಡ. ಆಮೇಲೆ ಮಾಧ್ಯಮ. ಮನೆಗಾದರೆ, ಸಣ್ಣ ಸಂಸ್ಥೆಗಾದರೆ ನನ್ನ ಶಿಫಾರಸು ಇದು: ಬೇರೆ ಬೇರೆ ಕಂಪನಿಯ ಎರಡು ಹಾರ್ಡ್ ಡಿಸ್ಕು, ಅವುಗಳಲ್ಲೊಂದು ಬೇರೆ ಊರಿನ ನಂಟರ ಮನೆಯಲ್ಲಿ, ಅತಿ ಮುಖ್ಯವಾದಷ್ಟನ್ನು ಎಂ-ಡಿಸ್ಕಿನ ಮೇಲೆ, ಜೊತೆಗೆ ಹಣ ಕೊಟ್ಟು ಪಡೆದ ಕ್ಲೌಡ್ ಖಾತೆಯಲ್ಲಿ. ಒಂದಕ್ಕೆ ಬರುವ ಸಾವು ಇನ್ನೊಂದಕ್ಕೆ ಬಾರದಿರಬೇಕು. ಯಂತ್ರ ಕೆಟ್ಟರೆ ಎಂ-ಡಿಸ್ಕ್ ಉಳಿಯಲಿ, ಮನೆಗೆ ನೀರು ನುಗ್ಗಿದರೆ ನಂಟರ ಮನೆಯದು ಉಳಿಯಲಿ, ಖಾತೆಯ ಗುಪ್ತಪದ ಯಜಮಾನರೊಂದಿಗೇ ಹೋದರೆ ಬೀರುವಿನದು ಉಳಿಯಲಿ. ಡಿಸ್ಕುಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಐದು ವರ್ಷಕ್ಕೊಮ್ಮೆ, ಚೆನ್ನಾಗಿಯೇ ಓಡುತ್ತಿದ್ದರೂ, ಹೊಸದಕ್ಕೆ ಪ್ರತಿ ಮಾಡಿ. ಹತ್ತು ಪುಟಕ್ಕೆ ಮೀರದ ಕುಟುಂಬದ ಮುಖ್ಯ ಸಂಗತಿಗಳನ್ನು ಆಮ್ಲರಹಿತ ಕಾಗದದ ಮೇಲೆ ಅಚ್ಚು ಹಾಕಿಸಿ. ಕಾಗದಕ್ಕೆ ಚಾರ್ಜರ್ ಬೇಡ.

ವರ್ಷದ ತಪಾಸಣೆಗೆ ಒಂದು ದಿನ ಗೊತ್ತುಮಾಡಿಕೊಳ್ಳಿ. ಮುಂಗಾರು ಹಿಡಿಯುವ ಮೊದಲಾದರೆ ಒಳ್ಳೆಯದು. ಹಳೆಯ ನುಡಿ, ಬರಹ, ಶ್ರೀಲಿಪಿ ಫೈಲುಗಳು ನಿಮ್ಮಲ್ಲಿದ್ದರೆ ಮೊದಲು ಅವನ್ನೇ ತೆಗೆಯಿರಿ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇಂದು ಉಚಿತವಾಗಿ ಸಿಗುತ್ತವೆ, ತಪ್ಪು ಬಿದ್ದಲ್ಲಿ ಗುರುತಿಸಿ ತಿದ್ದಬಲ್ಲವರು, ಆ ಪುಟಗಳನ್ನು ಮೊದಲು ಟೈಪ್ ಮಾಡಿದವರು, ಇನ್ನೂ ನಮ್ಮ ನಡುವೆ ಇದ್ದಾರೆ. ಈ ವರ್ಷವೇ ಮಾಡಿ.